ಎಂಟುನೂರ ಹನ್ನೆರಡು ಆಟ

ಅವಳು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಐದು ಗಂಟೆಗೆ ರಾಜೀನಾಮೆ ಪತ್ರ ಕೊಡುವವಳಿದ್ದಳು. ನೋಡುತ್ತ ನಿಂತವನ ಎದೆಯಲ್ಲಿ ಯಾರೋ ಒನಕೆ ಹಿಡಿದು ಕುಟ್ಟಿದಂತಾಗುತ್ತಿತ್ತು.

ತಪ್ಪು ಅವನದೇ, ಬೇರೆ ಯಾರದ್ದೂ ಅಲ್ಲ. ಚೆಸ್ ಆಡುವ ಪ್ರೋಗ್ರಾಂ ತಯಾರಿಸುವ ಆ ಆಫೀಸಿನಲ್ಲಿ ಅವಳು ಬರೆಯುವವಳು, ಅವನು ಪರೀಕ್ಷಿಸುವವನು. ಏನೇ ಹೊಸತು ಬರೆದರೂ ಹಳೆಯ ಪ್ರೋಗ್ರಾಂ ಎದುರು ಸಾವಿರಾರು ಆಟ ಆಡಿಸಬೇಕು. ಬೇಗ ಮುಗಿಯಲೆಂದು ಇಡೀ ಆಟಕ್ಕೆ ತಲಾ ಹತ್ತೇ ಸೆಕೆಂಡು. ಅದರಲ್ಲಿ ಸೋತದ್ದು ಕಸದ ಬುಟ್ಟಿಗೆ.

ಅವಳು ಎಂಟು ತಿಂಗಳು ಬೆವರು ಸುರಿಸಿ ಬರೆದದ್ದೂ ಹಾಗೇ ಹೋಯಿತು. "ಇದು ನಿಧಾನವಾಗಿ ಯೋಚಿಸೋದು ರೀ, ಸ್ವಲ್ಪ ಟೈಮ್ ಕೊಟ್ಟು ನೋಡಿ" ಎಂದು ಅಂಗಲಾಚಿದ್ದಳು. ಈ ಮಹಾನುಭಾವ ನಿಯಮದ ಹಾಳೆ ತೋರಿಸಿದ್ದ! ಅಂದೇ ಅವಳ ಓರೆನೋಟ ನಿಂತಿತು, "ಸ್ಟಾಪ್‌ವಾಚ್ ಸಾಹೇಬ್ರೇ" ಎಂಬ ಕೀಟಲೆಯೂ ನಿಂತಿತು. ಆಫೀಸು ಬಿಕೋ ಎನ್ನತೊಡಗಿತು.

ತಡೆಯಲಾರದೆ ಅವನು ಹನ್ನೆರಡು ದಿನದಿಂದ ಮೂಲೆಯ ಆರು ಹಳೇ ಕಂಪ್ಯೂಟರುಗಳಲ್ಲಿ ಅವಳ ಪ್ರೋಗ್ರಾಂ ಅನ್ನೇ ಆಡಿಸುತ್ತಿದ್ದ. ಈ ಸಲ ತಲಾ ಒಂದು ಗಂಟೆ.

"ಏನ್ರೀ, ಕಂಬದ ಹಾಗೆ ನಿಂತಿದೀರ?"

"ನಿಮ್ಮದು... ಗೆಲ್ತಾ ಇದೆ. ಒಂದೊಂದು ಗಂಟೆ ಟೈಮ್ ಕೊಟ್ಟು ಎಂಟುನೂರ ಹನ್ನೆರಡು ಆಟ ಆಡಿಸಿದೀನಿ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹುಬ್ಬು ಮೆಲ್ಲಗೆ ಮೇಲೇರಿತು. ತುಟಿಯಂಚಿನಲ್ಲಿ ನಗು ಮೂಡಿದಂತಾಗಿ ಮರೆಯಾಯಿತು.

"ಖಂಡಿತಾನಾ?"

ಅಯ್ಯೋ, ಅದನ್ನೇ ಕೇಳಬೇಕೇ!

"ಖಂಡಿತ ಅನ್ನೋಕಾಗಲ್ಲ. ಆಟ ಕಡಿಮೆ, ಬರೀ ಅದೃಷ್ಟ ಇದ್ರೂ ಇರಬಹುದು. ಇನ್ನೂ ಎರಡು ತಿಂಗಳು ಆಡಿಸ್ಬೇಕು."

"ಎರಡು ತಿಂಗಳು!" ಅವಳ ಕಣ್ಣು ತುಂಬಿತು. "ಅಕ್ಕ ತನ್ನೂರಲ್ಲಿ ಕೆಲಸ ನೋಡಿದಾಳೆ, ನಾಳೆನೇ ಹೊರಡ್ಬೇಕು. ಯಾವ ಧೈರ್ಯದ ಮೇಲೆ ಕಾಯಲಿ? ಖಂಡಿತ ಆಗೋವರೆಗೂ ನೀವು ಬಾಯೇ ಬಿಡಲ್ಲ. ಮೂರು ವರ್ಷದಿಂದ ನೋಡ್ತಿದೀನಲ್ಲ."

ಐದಕ್ಕೆ ಮೂರೇ ನಿಮಿಷ. ಇವಳು ಹೋದಮೇಲೆ ನಾಳೆ ಈ ಬಾಗಿಲು ದಾಟಿ ಹೇಗೆ ಒಳಗೆ ಬರಲಿ ಎಂದು ಅವನಿಗೆ ಗಾಬರಿಯಾಯಿತು.

"ಖಂಡಿತ ಗೊತ್ತಿಲ್ಲದ ಇನ್ನೊಂದು ಮಾತಿದೆ. ನೀವು ಒಪ್ತೀರೋ ಬಿಡ್ತೀರೋ, ಹೇಳೇಬಿಡ್ತೀನಿ. ನೀವಂದ್ರೆ ನಂಗೆ ಪ್ರಾಣ. ಹೋಗ್ಬೇಡಿ. ಪ್ರೋಗ್ರಾಂ ಸೋತ್ರೂ ಹೋಗ್ಬೇಡಿ."

ಅವಳು ಅಳುತ್ತಲೇ ನಕ್ಕಳು.

"ಅಲ್ಲಾ ಸ್ಟಾಪ್‌ವಾಚ್ ಸಾಹೇಬ್ರೇ, ಇಷ್ಟು ಹೇಳೋಕೆ ನಿಮಗೆ ಮೂರು ವರ್ಷ. ನನ್ನ ಪ್ರೋಗ್ರಾಂಗೆ ಮಾತ್ರ ಹತ್ತು ಸೆಕೆಂಡಾ?"

ಅವಳು ಪತ್ರವನ್ನು ಮಡಿಸಿ ಖಾಲಿ ಖಾನೆಗೆ ಹಾಕಿದಳು. ಮೂಲೆಯ ಕಂಪ್ಯೂಟರ್ ಮುಂದೆ ಎರಡು ಕುರ್ಚಿ ಎಳೆದಳು.

"ಕೂತ್ಕೊಳ್ಳಿ. ಅಕ್ಕನಿಗೆ ಆಮೇಲೆ ಫೋನ್ ಮಾಡ್ತೀನಿ."