ಒಂಬತ್ತನೇ ಚೀಲ

ಬಾವಿಯಿಂದ ಉಪ್ಪುನೀರು ಬಂತು. ಎಣ್ಣೆಯ ಹನಿಯೂ ಇಲ್ಲ!

ಹೆಡ್ಡಾಫೀಸಿನ ಕಂಪ್ಯೂಟರ್ ಮಾತ್ರ 'ಇಲ್ಲಿ ಎಣ್ಣೆ ಇದೆ' ಎಂದು ಖಡಾಖಂಡಿತವಾಗಿ ಹೇಳಿತ್ತು. ಅದನ್ನು ನಂಬಿ ಇನ್ನಷ್ಟು ಆಳ ಕೊರೆಸಿದ ಕಂಪನಿ ಕೈ ಸುಟ್ಟುಕೊಂಡಿತು. ಬಾವಿಯಿಂದ ತೆಗೆದು ಪರೀಕ್ಷೆಗೆ ಕಳಿಸಿದ್ದ ಕಲ್ಲಿನ ಚೂರುಗಳನ್ನು ತೊಳೆದು ನೋಡಿದರೆ ಒಳಗೆಲ್ಲ ಒಣಕಲು. ಯಾರೋ ಮೇಲಿಂದ ಎಣ್ಣೆ ಸುರಿದಿದ್ದರು.

ಕಳಿಸುವ ಮುನ್ನ ಚೂರುಗಳ ಚೀಲಗಳನ್ನು ಇಟ್ಟಿದ್ದ ಕೋಣೆಗೆ ಎರಡೇ ಬೀಗದಕೈ. ಒಂದು ಬಾವಿಯ ಲ್ಯಾಬ್ ನೋಡಿಕೊಳ್ಳುವ ಹುಡುಗಿಯದು. ಇನ್ನೊಂದು ಅವಳ ಚಿಕ್ಕಪ್ಪನದು. ಅವರು ಬಾವಿ ಕೊರೆಯುವ ತಂಡದ ಮುಖ್ಯಸ್ಥರು. ತಲೆ ನರೆಯುವವರೆಗೆ ಕಪ್ಪುಚುಕ್ಕೆಯಿಲ್ಲದೆ ದುಡಿದವರನ್ನು ಅನುಮಾನಿಸುವ ಎದೆಗಾರಿಕೆ ಯಾರಿಗಿದೆ? ಎಲ್ಲರ ಬೆರಳೂ ಹುಡುಗಿಯತ್ತ ತಿರುಗಿತು. ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಕಾದಿತ್ತು.

* * *

ಇನ್‌ಸ್ಪೆಕ್ಟರಿಗೆ ಗೊತ್ತಿದ್ದ ಕಲ್ಲೆಂದರೆ ಜನ ಪೊಲೀಸರ ಮೇಲೆ ತೂರುವ ಕಲ್ಲು ಮಾತ್ರ. ಹುಡುಗಿಯನ್ನು ಹೆಡ್ಡಾಫೀಸಿಗೆ ಕರೆಸಿ ಕಂಪ್ಯೂಟರ್ ಮುಂದೆ ಕೂರಿಸಿಕೊಂಡರು.

"ಇದಕ್ಕೆ ಹೇಗಮ್ಮಾ ಎಣ್ಣೆ ಗೊತ್ತಾಗುತ್ತೆ?"

"ತಜ್ಞರು ಹೇಗೆ ಯೋಚಿಸ್ತಾರೋ ಅದನ್ನೆಲ್ಲ ಇದಕ್ಕೆ ಕಲಿಸಿದ್ದಾರೆ ಸಾರ್. ಚೂರುಗಳನ್ನ ಮೆಷಿನ್‌ನಲ್ಲಿ ಕಾಯಿಸಿ, ಬಂದ ಅಂಕಿ ಕೊಟ್ರೆ ತೀರ್ಮಾನ ಹೇಳುತ್ತೆ."

"ಅಂಕಿ ಕೊಟ್ಟಿದ್ದು ನೀನಾ?"

"ಇಲ್ಲ, ಇಲ್ಲಿಯವರು. ನಾನು ಚೀಲ ಕಟ್ಟಿ ಕಳಿಸ್ತೀನಿ. ಅಂಕಿ ತೋರಿಸಿ ಅಂತ ಬಡ್ಕೊಂಡೆ, ತೋರಿಸಲೇ ಇಲ್ಲ."

"ಇದೇನು, 'ಯಾಕೆ' ಅಂತ ಒಂದು ಗುಂಡಿ?"

"ತೀರ್ಮಾನಕ್ಕೆ ಕಾರಣ ಹೇಳೋದು. ಯಾರೂ ಒತ್ತಲ್ಲ."

"ನಮ್ಮನೇಲಿ ಹೆಂಡ್ತಿ ದಿನಾ ಇದನ್ನೇ ಕೇಳೋದು," ಎನ್ನುತ್ತ ಇನ್‌ಸ್ಪೆಕ್ಟರ್ ಒತ್ತಿಯೇಬಿಟ್ಟರು.

ಪರದೆಯ ಮೇಲೆ ಮೊದಲ ಕಾರಣ ಮೂಡಿತು: 'ಒಂಬತ್ತನೇ ಚೀಲದಲ್ಲಿ ಎಲ್ಲಕ್ಕಿಂತ ಹೆಚ್ಚು ಎಣ್ಣೆ.'

ಹುಡುಗಿ ಪಕ್ಕನೆ ನಕ್ಕಳು. ಪೊಲೀಸರ ಮುಂದೆ ಆರೋಪಿ ನಗುವುದೇ!

"ಅದು ಬಾವಿಯ ಕಲ್ಲೇ ಅಲ್ಲ ಸಾರ್! ರಸ್ತೆಗೆ ಹಾಕೋ ಜಲ್ಲಿ. ಒಡೆದು, ಸುಟ್ಟು, ನಾನೇ ಸೇರಿಸಿದ್ದು. ಅದರಲ್ಲಿ ಏನೂ ಬರಬಾರದು. ಬಂದ್ರೆ ಪರೀಕ್ಷೆ ಎಲ್ಲೋ ಕೆಟ್ಟಿದೆ ಅಂತ ಅರ್ಥ."

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

* * *

ಇನ್‌ಸ್ಪೆಕ್ಟರ್ ಚಿಕ್ಕಪ್ಪನನ್ನು ಕರೆಸಿದರು.

"ಎಣ್ಣೆ ಸುರಿದದ್ದು ಇವಳಲ್ಲ ಯಜಮಾನ್ರೇ. ಒಂಬತ್ತರಲ್ಲಿ ಜಲ್ಲಿ ಇದೆ ಅಂತ ಇವಳಿಗೆ ಗೊತ್ತಿತ್ತು. ಮೋಸ ಮಾಡೋಳು ತಾನೇ ಸಿಕ್ಕಿಬೀಳೋ ಹಾಗೆ ಅದಕ್ಕೂ ಸುರೀತಾಳಾ? ಗೊತ್ತಿಲ್ಲದವರು ಮಾತ್ರ ಒಂದೂ ಬಿಡದೆ ಸುರೀತಾರೆ. ಉಳಿದಿದ್ದು ನಿಮ್ಮ ಬೀಗದಕೈ."

ಚಿಕ್ಕಪ್ಪ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು.

"ಬಾವಿ ಮುಚ್ತಿದ್ರು. ಇನ್ನೂ ಸ್ವಲ್ಪ ಆಳಕ್ಕೆ ಹೋದ್ರೆ ಸಿಕ್ಕೇ ಸಿಗುತ್ತೆ ಅಂತಿತ್ತು ನಂಗೆ. ಹಳೇ ಬಾವಿಯ ಎಣ್ಣೆ ತಂದು ಸುರಿದೆ. ನಿನ್ನ ತಲೆಗೆ ಬರುತ್ತೆ ಅನ್ಕೊಂಡಿರಲಿಲ್ಲ ಮಗಳೇ."

"ಬಂದ ಮೇಲಾದ್ರೂ ಬಾಯಿ ಬಿಡಬಹುದಿತ್ತಲ್ಲ ಚಿಕ್ಕಪ್ಪ?"

ಹುಡುಗಿಗೆ ಸಿಟ್ಟು ಬಂದಿತ್ತು. ಆದರೂ ಎದೆಯ ಮೇಲಿನ ಭಾರ ಇಳಿದು, ಎಷ್ಟೋ ದಿನಗಳ ಮೇಲೆ ಹಾಯೆನಿಸಿತು.

"ಜಲ್ಲಿ ಇಟ್ಟಿದ್ದನ್ನ ನಂಗೂ ಹೇಳಲಿಲ್ಲವಲ್ಲೇ?"

"ಹೇಳಿದ್ರೆ ಅದು ಪರೀಕ್ಷೆ ಹೇಗಾಗುತ್ತೆ?"

ಚಿಕ್ಕಪ್ಪ ಅವಳನ್ನೇ ನೋಡಿದರು. ಜೀಪು ಹತ್ತುವಾಗ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. ಆ ಹೊತ್ತಿನಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

"ನಮ್ಮಣ್ಣನ ಮಗಳು ಸಾರ್. ಕೆಲಸ ಚೆನ್ನಾಗಿ ಕಲ್ತಿದ್ದಾಳೆ."