ತಿರುಗಿಸಿದ ಡಯೋಡ್

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ನಾನೊಬ್ಬಳೇ ಡಯೋಡ್‌ಗಳನ್ನು ಬ್ಯಾಟರಿ, ಬಲ್ಬಿಗೆ ಜೋಡಿಸಿ ಪರೀಕ್ಷಿಸುತ್ತಿದ್ದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ತಿರುಗಿಸಿ ಹಾಕಿದರೆ ಬಲ್ಬು ಆರಬೇಕು. ಒಂದನ್ನು ತಿರುಗಿಸಿದಾಗ ಆರಲಿಲ್ಲ. ಬ್ಯಾಟರಿಯ ತಂತಿ ಕಿತ್ತರೂ ಉರಿಯುತ್ತಲೇ ಇತ್ತು. ಮುಟ್ಟಿದರೆ ಗಾಜು ಮಂಜುಗಡ್ಡೆಯಂತೆ ತಣ್ಣಗಿತ್ತು.

ಓಡಿಹೋಗಿ ಬಾಗಿಲು ಎಳೆದೆ. ಅದು ಜಪ್ಪಯ್ಯ ಅನ್ನಲಿಲ್ಲ.

“ಅಕ್ಕಾ, ಬಾಗಿಲು ತಳ್ಳಿ!” ಎಂದು ಕಿರುಚಿದೆ.

ಕಸ ಗುಡಿಸುವ ಅಕ್ಕ ಬಾಗಿಲ ಗಾಜಿನಾಚೆಯಿಂದ ಇಣುಕಿ ನಕ್ಕಳು. “ಆಟ ಸಾಕು ಮೇಡಂ. ನೀವಿಬ್ರೂ ಒಳಗಿಂದ ಒತ್ತಿ ಹಿಡಿದ್ರೆ ನಾನೊಬ್ಳು ಹೆಂಗೆ ತಳ್ಳಲಿ?”

ನಾನು ಅಕ್ಕಪಕ್ಕ ನೋಡದೆ, ತಡಕಾಡುತ್ತಾ ಮೇಜಿನ ಬಳಿಗೆ ಹೋಗಿ ಡಯೋಡನ್ನು ಮೊದಲಿನಂತೆ ಹಾಕಿದೆ. ಬಲ್ಬು ಆರಿತು. ಬಾಗಿಲು ತೆರೆಯಿತು.

ನಾನು ಹೊರಬಂದ ಮೇಲೂ ಅಕ್ಕ ಪಕ್ಕಕ್ಕೆ ಸರಿದು, ಬಾಗಿಲನ್ನು ಹಾಗೇ ಹಿಡಿದು ಕಾಯುತ್ತಿದ್ದಳು.