ಒಂದು ಮೀಟರ್

ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡರೆ ಹೊಸದನ್ನೇ ಕೊಳ್ಳಬೇಕೆಂದಿದ್ದೆ. ಕ್ಯಾಮೆರಾ ರಿಪೇರಿ ಮಾಡುವ ಭಾವ ಬಿಡಲಿಲ್ಲ. "ಹೊಸದ್ಯಾಕೋ? ಇದು ನಾನೇ ಬಳಸಿದ್ದು, ಕಣ್ಣುಮುಚ್ಚಿ ತಗೋ" ಎಂದರು. ಅಕ್ಕನ ಗಂಡ, ನಂಬದೆ ಇರುವುದು ಹೇಗೆ?

ಅದರ ಕಿಂಡಿಯಲ್ಲಿ ಬಿಂಬ ಎರಡಾಗಿ ಕಾಣುತ್ತದೆ. ಲೆನ್ಸಿನ ರಿಂಗ್ ತಿರುಗಿಸಿ ಎರಡನ್ನೂ ಒಂದಾಗಿಸಿದರೆ, ಎದುರಿಗಿರುವುದು ಎಷ್ಟು ದೂರದಲ್ಲಿದೆಯೆಂದು ರಿಂಗಿನ ಅಂಕಿ ತೋರಿಸುತ್ತದೆ.

ಮೊದಲ ದಿನ, ಮಟಮಟ ಮಧ್ಯಾಹ್ನ, ಖಾಲಿ ಕೋಣೆಯತ್ತ ಹಿಡಿದೆ. ಬೆನ್ನು ತಿರುಗಿಸಿ ನಿಂತ ಹೆಂಗಸೊಬ್ಬಳು ಕಂಡಳು. ಅವಳ ಎರಡು ಬಿಂಬಗಳು ಒಂದಾದದ್ದು ಐದು ಮೀಟರಿಗೆ. ಕಣ್ಣು ತೆಗೆದರೆ ಯಾರೂ ಇಲ್ಲ. ಕಿಟಕಿಯ ಬಿಸಿಲಲ್ಲೂ ಕ್ಯಾಮೆರಾ ತಣ್ಣಗೆ ಕೊರೆಯುತ್ತಿತ್ತು. ಮರುದಿನ ಮೂರು ಮೀಟರ್. ನಿನ್ನೆ ಒಂದೂವರೆ, ಒದ್ದೆ ಕೂದಲಿನ ವಾಸನೆಯೂ ಬಂತು.

ಬೆಳಿಗ್ಗೆ ಅಂಗಡಿಗೆ ಹೋಗಿ, "ಭಾವ, ಫೋಕಸ್ ಸರಿಯಾಗಿ ಕೂರ್ತಿಲ್ಲ" ಎಂದಷ್ಟೇ ಹೇಳಿದೆ.

ಅವರು ತಲೆ ಎತ್ತಲಿಲ್ಲ. "ಎಷ್ಟು ಮೀಟರಿಗೆ ಬಂದಿದ್ದಾಳೆ?"

"ಗೊತ್ತಿದ್ದೂ ಕೊಟ್ರಾ?"

"ನಿಮ್ಮಕ್ಕನೇ ಹೇಳಿದ್ದು, ಅವನಿಗೆ ಕೊಟ್ಟುಬಿಡಿ ಅಂತ."

ಮನೆಗೆ ಬಂದು ಮತ್ತೆ ಕಣ್ಣಿಟ್ಟೆ. ರಿಂಗ್ ಒಂದು ಮೀಟರಿಗೆ ಬಂದು ನಿಂತಿತು. ಅದಕ್ಕಿಂತ ಹತ್ತಿರದ್ದನ್ನು ಈ ಕ್ಯಾಮೆರಾ ಅಳೆಯಲಾರದು. ಬಿಂಬಗಳು ಇನ್ನೂ ಒಂದಾಗಿರಲಿಲ್ಲ.